ಹಳೆಯ ರಾಕ್ ಬ್ಯಾಂಡೊಂದರ ಲೈವ್ ಕಾರ್ಯಕ್ರಮಕ್ಕೆ ಕಾಸರಗೋಡಿನಿಂದ ಹೋಗಿ ಬರುವುದು ಹೇಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಪೆರ್ಲ. ನಮ್ಮ ಈ ಕಡೆ ರಾಕ್ ಕೇಳುವವರು ಕಮ್ಮಿ ಏನಿಲ್ಲ. ಆದರೆ ಕೇಳುವುದೆಲ್ಲ ಇಯರ್‌ಫೋನ್‌ನಲ್ಲಿ, ನೋಡುವುದೆಲ್ಲ ಮೊಬೈಲಿನಲ್ಲಿ. ಕಾರ್ಯಕ್ರಮ ಇರುವುದು ಬೆಂಗಳೂರಿನಲ್ಲಿ, ಇಲ್ಲವಾದರೆ ಕೊಚ್ಚಿಯಲ್ಲಿ. ಎರಡೂ ನಮಗೆ ದೂರದ ದಾರಿ. "ಮುಂದಿನ ಸಲ ನೋಡುವ" ಅಂತ ಬಿಟ್ಟುಬಿಡುತ್ತೇವೆ.

ಇಪ್ಪತ್ತು, ಮೂವತ್ತು ವರ್ಷಗಳಿಂದ ಪ್ರಯೋಗ ಮಾಡುತ್ತಲೇ ಬಂದ ಬ್ಯಾಂಡ್‌ಗಳ ವಿಷಯದಲ್ಲಿ ಹಾಗೆ ಬಿಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಥವರ ಸಂಗೀತದ ಅರ್ಧ ಭಾಗ ಹುಟ್ಟುವುದೇ ವೇದಿಕೆಯ ಮೇಲೆ. ರೆಕಾರ್ಡಿಂಗ್‌ನಲ್ಲಿ ಐದು ನಿಮಿಷ ಇದ್ದ ಹಾಡು ಅಲ್ಲಿ ಹದಿನೈದು ನಿಮಿಷ ಬೆಳೆಯಬಹುದು. ಮಧ್ಯದಲ್ಲಿ ಬೇರೆಯೇ ದಾರಿ ಹಿಡಿಯಬಹುದು. ಆ ರಾತ್ರಿ ಅಲ್ಲಿ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಸ್ವಲ್ಪ ತಯಾರಿ ಮಾಡಿಕೊಂಡರೆ ಊರಿನಿಂದ ಹೋಗಿ ಬರುವುದು ಅಷ್ಟೇನೂ ಕಷ್ಟ ಇಲ್ಲ.

ಮೊದಲು, ಈಗ ಬ್ಯಾಂಡ್‌ನಲ್ಲಿ ಯಾರಿದ್ದಾರೆ ನೋಡಿ

ಹಳೆಯ ಬ್ಯಾಂಡ್ ಅಂದರೆ ಹೆಸರು ಅದೇ ಇರುತ್ತದೆ, ಜನ ಬದಲಾಗಿರುತ್ತಾರೆ. ಇಂಡಿಯನ್ ಓಶನ್ ಅನ್ನೇ ತಗೊಳ್ಳಿ. 1990ರಲ್ಲಿ ದಿಲ್ಲಿಯಲ್ಲಿ ಗಿಟಾರ್ ನುಡಿಸುವ ಸುಶ್ಮಿತ್ ಸೇನ್ ಮತ್ತು ತಬಲಾ ಬಾರಿಸುತ್ತಲೇ ಹಾಡುವ ಆಶೀಂ ಚಕ್ರವರ್ತಿ ಸೇರಿ ಅದನ್ನು ಶುರು ಮಾಡಿದರು. ಮರುವರ್ಷ ಬಾಸ್ ಗಿಟಾರ್‌ಗೆ ರಾಹುಲ್ ರಾಮ್ ಬಂದರು. 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಾಂ ಬಂದರು. ನಾವೆಲ್ಲ ತಲೆದೂಗಿದ ಹಾಡುಗಳು ಈ ನಾಲ್ವರದು. 2009ರ ಡಿಸೆಂಬರ್ 25ರಂದು ಆಶೀಂ ತೀರಿಕೊಂಡರು. 2013ರಲ್ಲಿ ಸುಶ್ಮಿತ್ ಬ್ಯಾಂಡ್ ಬಿಟ್ಟರು. ಹಾಡಿಗೆ ಹಿಮಾಂಶು ಜೋಶಿ, ಗಿಟಾರ್‌ಗೆ ನಿಖಿಲ್ ರಾವ್, ತಬಲಾಗೆ ತುಹೀನ್ ಚಕ್ರವರ್ತಿ ಬಂದು ಸೇರಿಕೊಂಡರು.

ಇದನ್ನು ತಿಳಿಯದೆ ಹೋದವರು "ಆ ಸ್ವರ ಎಲ್ಲಿ?" ಎಂದು ಹುಡುಕುತ್ತಾ ಕೂರುತ್ತಾರೆ. ಎದುರಿಗೆ ಇರುವವರನ್ನು ಕೇಳಿಸಿಕೊಳ್ಳುವುದೇ ಇಲ್ಲ. ತಿಳಿದು ಹೋದರೆ ಒಂದೇ ಹಾಡು ಬೇರೆ ಗಂಟಲಿನಲ್ಲಿ ಹೇಗೆ ತಿರುಗುತ್ತದೆ ಎಂಬುದೇ ಕುತೂಹಲ ಆಗುತ್ತದೆ. ಆಶೀಂ ಹಾಡಿದ್ದನ್ನು ಎದುರಿಗೆ ಕೇಳುವ ಭಾಗ್ಯ ಈಗ ಯಾರಿಗೂ ಇಲ್ಲ. "ಮುಂದಿನ ಸಲ" ಅಂದವರಿಗೆಲ್ಲ ಅದು ತಪ್ಪಿಹೋಯಿತು.

ಹೊರದೇಶದವರದ್ದೂ ಇದೇ ಕಥೆ. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ 1969ರಲ್ಲಿ ಮೊದಲ ಆಲ್ಬಂ ತಂದಿತು. ಅಲ್ಲಿಂದ ಕೊನೆಯವರೆಗೆ ಇದ್ದವರು ಗಿಟಾರ್ ನುಡಿಸುವ ರಾಬರ್ಟ್ ಫ್ರಿಪ್ ಒಬ್ಬರೇ. 2021ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ನುಡಿಸಿ ಆ ಬ್ಯಾಂಡ್ ನಿಂತಿತು. ನ್ಯೂಯಾರ್ಕ್‌ನ ಸ್ವಾನ್ಸ್ 1982ರಲ್ಲಿ ಶುರುವಾಗಿ, 1997ರಲ್ಲಿ ನಿಂತು, 2010ರಲ್ಲಿ ಅದನ್ನು ಕಟ್ಟಿದ ಗಾಯಕ ಮೈಕಲ್ ಗಿರಾ ಅವರ ಜೊತೆ ಮತ್ತೆ ಎದ್ದಿತು. ಯಾವುದು ಯಾವಾಗ ನಿಲ್ಲುತ್ತದೆ, ಯಾವುದು ಮತ್ತೆ ಏಳುತ್ತದೆ ಎಂದು ಯಾರೂ ಹೇಳಲಾರರು.

ಹತ್ತಿರದಲ್ಲೂ ಹುಡುಕಿ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರದ್ದು. ಕೊಚ್ಚಿಯ ಮದರ್‌ಜೇನ್ ಕೂಡ ಅದೇ ವರ್ಷದ್ದು. ಮಲಯಾಳದಲ್ಲಿ ಹಾಡುವ ಅವಿಯಲ್ 2003ರಲ್ಲಿ ಶುರುವಾಯಿತು, 2008ರಲ್ಲಿ ಆಲ್ಬಂ ತಂದಿತು. ನಮ್ಮವರಿಗೆ ಇದರಲ್ಲಿ ಒಂದು ಲಾಭ ಇದೆ. ಮಲಯಾಳ ನಮಗೆ ಅರ್ಥ ಆಗುತ್ತದೆ. ಬೆಂಗಳೂರಿನ ಕನ್ನಡಿಗನಿಗೆ ಸಿಗದ ಅರ್ಧ ಹಾಡು ಕಾಸರಗೋಡಿನ ಕನ್ನಡಿಗನಿಗೆ ಸಿಗುತ್ತದೆ.

ಕೇಳಿಕೊಂಡು ಹೋಗಿ, ಆದರೆ ಮಿತವಾಗಿ

ಎಲ್ಲ ಆಲ್ಬಂಗಳನ್ನೂ ಅರೆದು ಕುಡಿದು ಹೋಗಬೇಕಾಗಿಲ್ಲ. ಮೂರು ನಾಲ್ಕು ಹಾಡು ಸಾಕು. ಆದರೆ ಅವು ಬಾಯಿಪಾಠ ಆಗುವಷ್ಟು ಕೇಳಿ. ಮೊದಲು ಸ್ಟುಡಿಯೋದಲ್ಲಿ ಮಾಡಿದ್ದು, ಆಮೇಲೆ ಅದೇ ಹಾಡಿನ ಬೇರೆ ಬೇರೆ ವರ್ಷದ ವೇದಿಕೆಯ ರೆಕಾರ್ಡಿಂಗ್. ಎಲ್ಲಿ ಉದ್ದ ಮಾಡಿದರು, ಎಲ್ಲಿ ಬಿಟ್ಟರು, ಯಾವ ವಾದ್ಯ ಸುಮ್ಮನಾಯಿತು, ಇಷ್ಟು ಗಮನಿಸಿ. ಹಾಡಿನ ಹಾಸು ಗೊತ್ತಿದ್ದರೆ ತಾನೇ ಅವರು ಅದರಿಂದ ಆಚೆ ಹೋದದ್ದು ಗೊತ್ತಾಗುವುದು.

ಇಂಡಿಯನ್ ಓಶನ್ ಕೇಳುವವರು 2000ದಲ್ಲಿ ಬಂದ ಕಂಡೀಸಾ ಹಾಡಿನಿಂದ ಶುರು ಮಾಡಬಹುದು. ಅದು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. ಮಾತುಗಳು ಸಿರಿಯಾಕ್ ಭಾಷೆಯವು. ದಿಲ್ಲಿಯ ಬ್ಯಾಂಡೊಂದು ನಮ್ಮದೇ ರಾಜ್ಯದ ಇಗರ್ಜಿಯೊಳಗಿನ ಸ್ವರವನ್ನು ಎತ್ತಿಕೊಂಡು, ತಬಲಾ ಮತ್ತು ಡ್ರಮ್ಸ್ ಎರಡನ್ನೂ ಜೊತೆಗಿಟ್ಟು ಹಾಡಿದೆ. ಪ್ರಯೋಗ ಅಂದರೆ ಏನು ಎಂಬುದಕ್ಕೆ ನಾನು ಬೇರೆ ಉದಾಹರಣೆ ಹುಡುಕುವುದಿಲ್ಲ.

ಟಿಕೆಟ್

ಟಿಕೆಟ್ ಮಾರುವ ಆ್ಯಪ್‌ಗಳಾದ ಬುಕ್‌ಮೈಶೋ, ಡಿಸ್ಟ್ರಿಕ್ಟ್ ಎರಡರಲ್ಲೂ ಹುಡುಕಿ. ಊರಿನ ಹೆಸರನ್ನು ಬೆಂಗಳೂರು, ಕೊಚ್ಚಿ, ಕೋಝಿಕ್ಕೋಡ್, ಮಂಗಳೂರು ಎಂದು ಬದಲಾಯಿಸಿ ನೋಡಬೇಕು. ಕಾಸರಗೋಡು ಎಂದು ಇಟ್ಟುಕೊಂಡರೆ ಏನೂ ಕಾಣದಿರಬಹುದು. ಬ್ಯಾಂಡ್‌ನವರ ಇನ್‌ಸ್ಟಾಗ್ರಾಂ ಪುಟವನ್ನು ಹಿಂಬಾಲಿಸಿ, ದಿನಾಂಕ ಮೊದಲು ಬರುವುದು ಅಲ್ಲೇ. ಕಾಲೇಜು ಹಬ್ಬಗಳನ್ನೂ ಮರೆಯಬೇಡಿ. ಸುರತ್ಕಲ್ ಎನ್‌ಐಟಿಕೆಯ ಇನ್ಸಿಡೆಂಟ್‌ನಂಥ ಹಬ್ಬಕ್ಕೆ ದೊಡ್ಡ ಬ್ಯಾಂಡ್‌ಗಳು ಬರುತ್ತವೆ. ಹೊರಗಿನವರಿಗೆ ಪ್ರವೇಶ ಇದೆಯಾ ಎಂದು ಮೊದಲೇ ಕೇಳಿ.

ಟಿಕೆಟ್ ತಗೊಳ್ಳುವ ಮುಂಚೆ ಮೂರು ವಿಷಯ ಓದಿ: ನಿಂತು ನೋಡುವುದೋ ಕೂತು ನೋಡುವುದೋ, ವಯಸ್ಸಿನ ಮಿತಿ ಎಷ್ಟು, ಬಾಗಿಲು ತೆರೆಯುವುದು ಯಾವಾಗ. ಪಬ್‌ನಲ್ಲಿ ನಡೆಯುವುದಾದರೆ 21 ವರ್ಷ ತುಂಬಿರಬೇಕು ಎಂದು ಬರೆದಿರುವುದೇ ಜಾಸ್ತಿ. ಡಿಗ್ರಿ ಓದುವ ತಂಗಿ ತಮ್ಮಂದಿರನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುವ ಹಾಗೆ ಆಗಬಾರದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಆಸೆ ಇದ್ದರೆ ಸೀಟು ಇರುವ ಸಭಾಂಗಣದ ಕಾರ್ಯಕ್ರಮಕ್ಕೆ ಕಾಯಿರಿ. ಖಂಡಿತ ಕರೆದುಕೊಂಡು ಹೋಗಿ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಎರಡು ಗಂಟೆ ಏನೂ ಅಲ್ಲ.

ಟಿಕೆಟ್‌ನ ಕ್ಯೂಆರ್ ಕೋಡ್ ಅನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಸಾವಿರಾರು ಜನ ಸೇರಿದ ಗೇಟಿನ ಎದುರು ನೆಟ್‌ವರ್ಕ್ ಕೈಕೊಡುತ್ತದೆ. ಕೆಲವು ಕಡೆ ಕೋಡ್ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತದೆ. ಹಾಗಿದ್ದರೆ ಜನ ಸೇರುವ ಮೊದಲೇ ತೆರೆದಿಡಿ. ಗುರುತಿನ ಚೀಟಿ ಜೊತೆಗಿರಲಿ.

ಹೋಗುವ ದಾರಿ, ಬರುವ ದಾರಿ

ಬೆಂಗಳೂರಿಗೆ ನಮ್ಮ ರೈಲು ಕಣ್ಣೂರು ಬೆಂಗಳೂರು ಎಕ್ಸ್‌ಪ್ರೆಸ್. ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಮಂಗಳೂರು, ಸುಬ್ರಹ್ಮಣ್ಯ, ಸಕಲೇಶಪುರದ ಮೇಲೆ ಹೋಗಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಸುತ್ತದೆ. ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಬರುವಾಗ ಮಾತ್ರ ಲೆಕ್ಕ ತಪ್ಪುತ್ತದೆ. ಈ ರೈಲು ಬೆಂಗಳೂರಿನಿಂದ ರಾತ್ರಿ ಒಂಬತ್ತೂವರೆ ಆಸುಪಾಸಿಗೆ ಹೊರಡುತ್ತದೆ. ಅದನ್ನು ಹಿಡಿಯಬೇಕೆಂದರೆ ಕಾರ್ಯಕ್ರಮದ ಕೊನೆಯ ಒಂದು ಗಂಟೆ ಬಿಟ್ಟು ಓಡಬೇಕು. ಇಂಥ ಬ್ಯಾಂಡ್‌ಗಳು ಅತಿ ದೊಡ್ಡ ಹಾಡುಗಳನ್ನು ಕೊನೆಗೇ ಇಟ್ಟಿರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಹನ್ನೊಂದರ ನಂತರ ಹೊರಡುವ ಸ್ಲೀಪರ್ ಬಸ್ಸಿಗೆ ಮೊದಲೇ ಸೀಟು ಮಾಡಿ. ಕಾಸರಗೋಡಿಗೆ ನೇರ ಸಿಗದಿದ್ದರೆ ಮಂಗಳೂರಿಗೆ ಬನ್ನಿ. ಅಲ್ಲಿಂದ ಊರಿಗೆ ಬೆಳಗ್ಗೆ ಬಸ್ಸಿಗೇನೂ ಬರ ಇಲ್ಲ. ಇಲ್ಲವಾದರೆ ರಾತ್ರಿ ನೆಂಟರ ಮನೆಯಲ್ಲಿ ಮಲಗಿ. ಬೆಂಗಳೂರಿನಲ್ಲಿ ನೆಂಟರಿಲ್ಲದ ಕಾಸರಗೋಡಿನವರು ಯಾರಿದ್ದಾರೆ?

ಕೊಚ್ಚಿಯ ಕಡೆಗೆ ಹೋಗುವುದಾದರೆ 2023ರಿಂದ ಕಾಸರಗೋಡಿನಿಂದಲೇ ಹೊರಡುವ ವಂದೇ ಭಾರತ್ ಇದೆ. ಬರುವಾಗ ತಿರುವನಂತಪುರದಿಂದ ಬರುವ ಮಾವೇಲಿ, ಮಲಬಾರ್ ರಾತ್ರಿ ರೈಲುಗಳು ಎರ್ನಾಕುಳಂ ಮೇಲೆಯೇ ಹಾದು ಬರುತ್ತವೆ. ಕಾರ್ಯಕ್ರಮ ಬೇಗ ಮುಗಿದರೆ ಇವು ಸಿಗಬಹುದು. ಆದರೆ ಒಂದು ಯಾವ ಸ್ಟೇಷನ್‌ಗೆ ಬರುತ್ತದೆ, ಇನ್ನೊಂದು ಯಾವುದಕ್ಕೆ ಎಂದು ನೋಡಿಕೊಳ್ಳಿ. ಎರ್ನಾಕುಳಂ ಟೌನ್ ಬೇರೆ, ಜಂಕ್ಷನ್ ಬೇರೆ.

ರೈಲು ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಕಾರ್ಯಕ್ರಮದ ದಿನಾಂಕ ಬಂದ ಕೂಡಲೇ ರೈಲು ನೋಡಿ, ಆಮೇಲೆ ಸ್ನೇಹಿತರಿಗೆ ಫೋನ್ ಮಾಡಿ. ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಗ್ಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದುಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವುದಾದರೆ ಒಂದು ದಿನ ಮುಂಚೆಯೇ ತಲುಪಿ.

ಬೆಳಗ್ಗೆ ಇಳಿದು ಸಂಜೆಯವರೆಗೆ ಬ್ಯಾಗ್ ಹೊತ್ತು ತಿರುಗಬೇಡಿ. ರೈಲ್ವೆ ಸ್ಟೇಷನ್‌ನ ಕ್ಲೋಕ್ ರೂಮಿನಲ್ಲಿ ಇಡಬಹುದು. ಬ್ಯಾಗಿಗೆ ಬೀಗ ಹಾಕಿರಬೇಕು, ರೈಲು ಟಿಕೆಟ್ ತೋರಿಸಬೇಕು. ಕಾರ್ಯಕ್ರಮದ ಗೇಟಿನಲ್ಲಿ ದೊಡ್ಡ ಬ್ಯಾಗ್, ನೀರಿನ ಬಾಟಲಿ, ಕೊಡೆ, ಕೆಲವು ಕಡೆ ಪವರ್ ಬ್ಯಾಂಕ್ ಕೂಡ ಬಿಡುವುದಿಲ್ಲ. ನಮ್ಮವರು ಕೊಡೆ ಇಲ್ಲದೆ ಮನೆ ಬಿಡುವುದಿಲ್ಲ, ಅದಕ್ಕೇ ಹೇಳಿದೆ. ಬಯಲು ಕಾರ್ಯಕ್ರಮಕ್ಕೆ ಮಳೆ ಕೋಟು ಸಾಕು. ಡಿಸೆಂಬರ್, ಜನವರಿಯ ಬೆಂಗಳೂರಿಗೆ ಸ್ವೆಟರ್ ಬೇಕೇ ಬೇಕು. ಸಮುದ್ರದ ಬದಿಯ ನಮಗೆ ಆ ಚಳಿ ರೂಢಿ ಇಲ್ಲ.

ಹತ್ತು ಗಂಟೆಯ ನಿಯಮ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಸರಕಾರ 12 ಗಂಟೆಯವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಮುಚ್ಚಿದ ಸಭಾಂಗಣಕ್ಕೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ವಿನಾಯಿತಿ ಇಲ್ಲದ ಬಯಲಿನ ಕಾರ್ಯಕ್ರಮ ಹತ್ತಕ್ಕೆ ನಿಲ್ಲಲೇಬೇಕು. ಎಂಟಕ್ಕೆ ಹೋದರೆ ಸಾಕು ಎಂದುಕೊಂಡರೆ ಅರ್ಧ ಕಳೆದುಕೊಳ್ಳುತ್ತೀರಿ. ಬೆಂಗಳೂರಿನ ಸಂಜೆಯ ಟ್ರಾಫಿಕ್‌ನಲ್ಲಿ ಬಾಡಿಗೆ ಕಾರು ನಂಬಬೇಡಿ. ಮೆಟ್ರೋ ಹತ್ತಿರ ಎಲ್ಲಿವರೆಗೆ ಹೋಗುತ್ತದೋ ಅಲ್ಲಿವರೆಗೆ ಅದರಲ್ಲೇ ಹೋಗಿ. ಆ ದಿನದ ಕೊನೆಯ ಮೆಟ್ರೋ ಎಷ್ಟಕ್ಕೆ ಎಂದು ಹೋಗುವಾಗಲೇ ನೋಡಿಟ್ಟುಕೊಳ್ಳಿ.

ಕಿವಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ಪ್ರಾಯೋಗಿಕ ರಾಕ್‌ನಲ್ಲಿ ಗಟ್ಟಿ ಸದ್ದು ಸಂಗೀತದ ಒಂದು ಭಾಗ. ಸ್ವಾನ್ಸ್‌ನಂಥವರ ಕಾರ್ಯಕ್ರಮದಲ್ಲಿ ಸದ್ದು ಎದೆಗೂಡಿಗೆ ತಾಗುತ್ತದೆ. ಅದು ಬೇಕು. ಆದರೆ ಕಿವಿಯೊಳಗಿನ ಕೂದಲಿನಂಥ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಲೆಕ್ಕ ಹೀಗಿದೆ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸಗಾರರಿಗೆ ಹಾಕಿದ ಮಿತಿ 85 ಡೆಸಿಬಲ್‌ಗೆ ಎಂಟು ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧ ಆಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100ಕ್ಕೆ ಬರುವಾಗ ಬರೀ ಕಾಲು ಗಂಟೆ. ರಾಕ್ ಕಾರ್ಯಕ್ರಮದಲ್ಲಿ 100 ಡೆಸಿಬಲ್ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸೂಚಿಸಿದ ಗರಿಷ್ಠ ಸರಾಸರಿಯೂ 100. ಇಯರ್‌ಪ್ಲಗ್ ಮತ್ತು ಕಿವಿಗೆ ವಿಶ್ರಾಂತಿ ಕೊಡುವ ಶಾಂತ ಜಾಗ ಇರಬೇಕು ಎಂದೂ ಅದು ಹೇಳಿದೆ. ಎರಡು ಗಂಟೆ ನಿಲ್ಲುವ ನಿಮಗೆ ಇಯರ್‌ಪ್ಲಗ್ ಬೇಕೇ ಬೇಕು.

ಸ್ಪಂಜಿನಂಥ ಫೋಮ್ ಪ್ಲಗ್ ಮೆಡಿಕಲ್ ಶಾಪಿನಲ್ಲಿ, ಆನ್‌ಲೈನ್‌ನಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ. ಹಾಕುವ ಕ್ರಮ ಮುಖ್ಯ. ಬೆರಳಿನಲ್ಲಿ ಹೊಸೆದು ಸಪೂರ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಪ್ಲಗ್ ಒಳಗೆ ತಳ್ಳಿ ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಹಿಡಿದಿರಿ. ಸುಮ್ನೆ ತುದಿಯಲ್ಲಿ ಸಿಕ್ಕಿಸಿದರೆ ಏನೂ ಪ್ರಯೋಜನ ಇಲ್ಲ. ಫೋಮ್‌ನ ಒಂದು ಕೊರತೆ ಎಂದರೆ ಅದು ಕೀರಲು ಸ್ವರಗಳನ್ನು ಜಾಸ್ತಿ ತಡೆಯುತ್ತದೆ. ಸಂಗೀತ ಗೋಡೆಯಾಚೆಯಿಂದ ಬಂದ ಹಾಗೆ ಮಂಕಾಗುತ್ತದೆ. ಫಿಲ್ಟರ್ ಇರುವ, ಸಂಗೀತಗಾರರು ಬಳಸುವ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಬೆಲೆ ಜಾಸ್ತಿ. ಆದರೆ ವರ್ಷಗಟ್ಟಲೆ ಬರುತ್ತದೆ. ಮತ್ತೆ ಮತ್ತೆ ಹೋಗುವವರು ಇದನ್ನೇ ತಗೊಳ್ಳಿ.

ಮಕ್ಕಳನ್ನು ಕರೆದುಕೊಂಡು ಹೋದರೆ ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಹಾಕಿ, ಸ್ಪೀಕರಿನಿಂದ ದೂರ ಇರಿ.

ಎಲ್ಲಿ ನಿಲ್ಲಬೇಕು

ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ. ಮುಖ ನೋಡುವುದಕ್ಕೆ ಅದು ಸರಿ, ಕೇಳುವುದಕ್ಕೆ ಅಲ್ಲ. ದೊಡ್ಡ ಸ್ಪೀಕರ್‌ಗಳು ವೇದಿಕೆಯ ಎರಡು ಬದಿಯಲ್ಲಿರುತ್ತವೆ. ಅವುಗಳ ಸದ್ದು ಮೊದಲ ಸಾಲಿನವರ ತಲೆಯ ಮೇಲಿಂದ ಹಾದು ಹೋಗುತ್ತದೆ. ಅಲ್ಲಿ ನಿಂತವರಿಗೆ ಡ್ರಮ್ಸ್ ಮತ್ತು ಗಿಟಾರಿನ ಆಂಪ್ಲಿಫೈಯರ್ ಜೋರಾಗಿ ಕೇಳುತ್ತದೆ, ಹಾಡುವವರ ಸ್ವರ ಮುಳುಗುತ್ತದೆ. ಒಂದು ಬದಿಯ ಸ್ಪೀಕರ್ ಎದುರು ನಿಂತರೆ ಇನ್ನೊಂದು ಬದಿಯದ್ದು ಕೇಳುವುದಿಲ್ಲ.

ಜನರ ಮಧ್ಯೆ ಒಂದು ಕಟ್ಟೆ ಅಥವಾ ಚಪ್ಪರ ಇರುತ್ತದೆ. ಸೌಂಡ್ ಇಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂರುವುದು ಅಲ್ಲಿ. ಅವರು ತಮ್ಮ ಕಿವಿಗೆ ಬಿದ್ದದ್ದನ್ನು ನೋಡಿಯೇ ಎಲ್ಲ ವಾದ್ಯಗಳನ್ನು ಹೊಂದಿಸುತ್ತಾರೆ. ಹಾಗಾಗಿ ಅವರ ಎದುರು ಎರಡು ಮಾರು ದೂರದಲ್ಲಿ, ವೇದಿಕೆಯ ನಡುವಿಗೆ ನೇರವಾಗಿ ನಿಂತರೆ ಬ್ಯಾಂಡ್ ಕೇಳಿಸಬೇಕೆಂದು ಬಯಸಿದ್ದು ನಿಮಗೆ ಕೇಳುತ್ತದೆ. ಹಿಂಬದಿಯ ಗೋಡೆಗೆ ಒರಗಬೇಡಿ, ಅಲ್ಲಿ ಬಾಸ್ ಸುಮ್ಮನೆ ಊದಿಕೊಂಡಿರುತ್ತದೆ. ಎತ್ತರ ಕಮ್ಮಿ ಇದ್ದವರು ಕಟ್ಟೆಯ ಬದಿಯ ತಡೆಗಂಬಿ ಹಿಡಿದು ನಿಂತರೆ ತಳ್ಳಾಟವೂ ಇರುವುದಿಲ್ಲ.

ಏನನ್ನು ಕೇಳಬೇಕು

ತೆಂಕುತಿಟ್ಟಿನ ಆಟ ನೋಡಿ ಬೆಳೆದವರಿಗೆ ಈ ಸಂಗೀತ ಬೇಗ ಒಲಿಯುತ್ತದೆ ಎಂಬುದು ನನ್ನ ನಂಬಿಕೆ. ಭಾಗವತರು ಒಂದು ಪದ ಎತ್ತಿಕೊಂಡರೆ ಅದು ಎಷ್ಟು ಹೊತ್ತು ನಡೆಯುತ್ತದೆ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ವೇಷಧಾರಿಗೆ ಹುರುಪು ಬಂದರೆ ಕುಣಿತ ಬೆಳೆಯುತ್ತದೆ, ಚೆಂಡೆ ಏರುತ್ತದೆ, ಭಾಗವತರು ಅದನ್ನು ನೋಡಿ ಎಳೆಯುತ್ತಾರೆ ಇಲ್ಲವೇ ಮುಗಿಸುತ್ತಾರೆ. ಒಂದೇ ಪ್ರಸಂಗ ಎರಡು ರಾತ್ರಿ ಎರಡು ಥರ. ವರ್ಷಗಟ್ಟಲೆ ಜೊತೆಗೆ ನುಡಿಸಿದ ಬ್ಯಾಂಡ್‌ನಲ್ಲೂ ನಡೆಯುವುದು ಇದೇ. ಯಾರು ಯಾರ ಮುಖ ನೋಡುತ್ತಾರೆ ಎಂದು ಗಮನಿಸಿ. ಒಂದು ತಲೆ ಆಡಿತು, ಒಂದು ಕೈ ಎತ್ತಿತು, ಮರುಕ್ಷಣ ನಾಲ್ವರೂ ಒಟ್ಟಿಗೆ ತಿರುಗಿದರು. ಹಾಡು ಎಲ್ಲಿ ತಿರುಗುತ್ತದೆ ಎಂದು ಕಿವಿಗಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ.

ಗೊಂದಲ ಆದರೆ ಬಾಸ್ ಹಿಡಿಯಿರಿ. ಗಿಟಾರ್ ಎಲ್ಲಿಗೇ ಹೋಗಲಿ, ಹಾಡಿನ ನೆಲ ಬಾಸ್ ಮತ್ತು ಡ್ರಮ್ಸ್ ಕೈಯಲ್ಲಿರುತ್ತದೆ. ಕಾಲು ತಾಳ ಹಾಕುವಾಗ ತಪ್ಪುತ್ತಿದೆ ಅನಿಸಿದರೆ ತಪ್ಪು ನಿಮ್ಮದಲ್ಲ. ಸಾಮಾನ್ಯ ರಾಕ್ ನಾಲ್ಕರ ಲೆಕ್ಕದಲ್ಲಿ ಹೋಗುತ್ತದೆ, ಇವರು ಐದು, ಏಳರ ಲೆಕ್ಕಕ್ಕೆ ಹೋಗಿರುತ್ತಾರೆ. ಕರ್ನಾಟಕ ಸಂಗೀತ ಕಲಿತವರಿಗೆ ಖಂಡ ಛಾಪು, ಮಿಶ್ರ ಛಾಪು ಗೊತ್ತಲ್ವಾ, ಅದೇ ಎಣಿಕೆ. ಬೆರಳಿನಲ್ಲಿ ಎಣಿಸಿ ನೋಡಿ, ನಾಲ್ಕು ಸುತ್ತು ಆಗುವಾಗ ಸಿಕ್ಕಿಬಿಡುತ್ತದೆ.

ಗಿಟಾರ್ ನುಡಿಸುವವರು ಆಂಪ್ಲಿಫೈಯರ್ ಕಡೆ ತಿರುಗಿ ನಿಂತಾಗ ಉದ್ದನೆಯ ಊಳು ಬರುತ್ತದೆ. ಮೈಕ್ ಕೆಟ್ಟಿತು ಎಂದು ಎಷ್ಟೋ ಜನ ತಿಳಿಯುತ್ತಾರೆ. ಅದು ಬೇಕೆಂದೇ ಮಾಡುವ ಫೀಡ್‌ಬ್ಯಾಕ್. ಸ್ಪೀಕರಿನ ಸದ್ದು ತಂತಿಯನ್ನು ನಡುಗಿಸುತ್ತದೆ, ಗಿಟಾರಿನ ಪಿಕಪ್ ಆ ನಡುಕವನ್ನು ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಸುತ್ತು ನಡೆಯುತ್ತಲೇ ಇರುತ್ತದೆ. ನಿಲ್ಲುವ ದೂರ, ತಿರುಗುವ ಕೋನ ಬದಲಾದರೆ ಸ್ವರವೂ ಬದಲಾಗುತ್ತದೆ. ಅವರ ಕಾಲ ಬಳಿಯ ಪೆಡಲ್‌ಗಳನ್ನೂ ನೋಡಿ. ಈಗ ನುಡಿಸಿದ ತುಣುಕನ್ನು ಅಲ್ಲೇ ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಲೂಪ್ ಪೆಡಲ್ ಇದ್ದರೆ ಒಬ್ಬರೇ ಮೂವರ ಹಾಗೆ ಕೇಳುತ್ತಾರೆ.

ಗೊತ್ತಿಲ್ಲದ ಹೊಸ ಹಾಡು ಬಂದಾಗ ಚಹಾಕ್ಕೆ ಹೊರಗೆ ಹೋಗಬೇಡಿ. ಸ್ವಾನ್ಸ್‌ನವರು ಇನ್ನೂ ರೆಕಾರ್ಡ್ ಆಗದ ಹಾಡುಗಳನ್ನು ಊರೂರಿನ ವೇದಿಕೆಯಲ್ಲಿ ನುಡಿಸಿ ಬೆಳೆಸಿ, ಆಮೇಲೆ ಆಲ್ಬಂ ಮಾಡುತ್ತಾರೆ. ಹಾಡು ಬೆಳೆಯುತ್ತಿರುವಾಗಲೇ ನೋಡುವ ಅವಕಾಶ ಅದು. ಹಳೆಯ ಹಾಡೇ ಬೇಕೆಂದು ಕೂಗುವುದು ಆ ಬ್ಯಾಂಡ್‌ಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಫೋನ್ ಒಳಗಿರಲಿ

ಕಿಂಗ್ ಕ್ರಿಮ್ಸನ್ ಕೊನೆಯ ವರ್ಷಗಳಲ್ಲಿ ಒಂದು ಕ್ರಮ ಇಟ್ಟುಕೊಂಡಿತ್ತು. ಕಾರ್ಯಕ್ರಮದುದ್ದಕ್ಕೂ ಯಾರೂ ಫೋಟೋ ತೆಗೆಯುವಂತಿಲ್ಲ. ಕೊನೆಗೆ ಬಾಸ್ ನುಡಿಸುವ ಟೋನಿ ಲೆವಿನ್ ತಮ್ಮ ಕ್ಯಾಮರಾ ಎತ್ತಿ ಪ್ರೇಕ್ಷಕರ ಫೋಟೋ ತೆಗೆಯುತ್ತಿದ್ದರು. ಆಗ ಪ್ರೇಕ್ಷಕರೂ ತೆಗೆಯಬಹುದು. ನಮ್ಮಲ್ಲಿ ಆ ನಿಯಮ ಇಲ್ಲದಿದ್ದರೂ ನೀವೇ ಪಾಲಿಸಿ. ಬೇಕಿದ್ದರೆ ಒಂದು ಹಾಡಿನ ಒಂದು ನಿಮಿಷ ತೆಗೆದು ಜೇಬಿಗೆ ಹಾಕಿ. ಹೇಗೂ ಮೊಬೈಲಿನ ಮೈಕ್‌ಗೆ ಈ ಸದ್ದು ಹಿಡಿಯುವ ಶಕ್ತಿ ಇಲ್ಲ. ರಾತ್ರಿ ಬಸ್ಸಿನ ಟಿಕೆಟ್ ತೋರಿಸಲು ಬ್ಯಾಟರಿಯೂ ಉಳಿಯುತ್ತದೆ.

ಮುಗಿದ ಮೇಲೆ

ಟೀಶರ್ಟ್, ಸಿಡಿ ಮಾರುವ ಮೇಜು ಇದ್ದರೆ ಕಾರ್ಯಕ್ರಮಕ್ಕೆ ಮುಂಚೆಯೇ ಕೊಳ್ಳಿ, ಆಮೇಲೆ ಸೈಜ್ ಸಿಗುವುದಿಲ್ಲ. ಅಲ್ಲಿ ಕೊಟ್ಟ ದುಡ್ಡು ಹೆಚ್ಚಾಗಿ ನೇರ ಬ್ಯಾಂಡ್‌ಗೆ ಹೋಗುತ್ತದೆ. ಚಿಕ್ಕ ಜಾಗಗಳಲ್ಲಿ ಕಲಾವಿದರೇ ಹೊರಬಂದು ಮಾತಾಡುವುದುಂಟು. ಕಾಸರಗೋಡಿನಿಂದ ಬಂದಿದ್ದೇವೆ ಎಂದು ಹೇಳಿ. ಸಾಧ್ಯವಾದರೆ ನಮ್ಮ ಕಡೆಗೆ ಬನ್ನಿ ಎಂದೂ ಕೇಳಿ. 2022ರ ಡಿಸೆಂಬರ್‌ನಲ್ಲಿ ಬೇಕಲದಲ್ಲಿ ಬೀಚ್ ಹಬ್ಬ ನಡೆಯಿತು, ಅಲ್ಲಿ ಅಷ್ಟು ದೊಡ್ಡ ವೇದಿಕೆ ಹಾಕುವುದಕ್ಕೆ ಆಗುತ್ತದೆ ಎಂದ ಮೇಲೆ ಇಂಥ ಬ್ಯಾಂಡ್‌ಗಳನ್ನು ಕರೆಸುವುದೂ ಆಗದ ಕೆಲಸ ಏನಲ್ಲ.

ಜನ ಕರಗುವವರೆಗೆ ಹದಿನೈದು ನಿಮಿಷ ಅಲ್ಲೇ ನಿಲ್ಲಿ. ನೀರು ಕುಡಿಯಿರಿ, ಏನಾದರೂ ತಿನ್ನಿ, ಆಮೇಲೆ ಬಸ್ಸಿಗೆ ಹೊರಡಿ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಬೇಡಿ, ಕಿವಿಗೆ ಆ ರಾತ್ರಿ ವಿಶ್ರಾಂತಿ ಬೇಕು. ಬದಲಿಗೆ ನುಡಿಸಿದ ಹಾಡುಗಳ ಪಟ್ಟಿಯನ್ನು ನೆನಪಿದ್ದಷ್ಟು ಬರೆದಿಡಿ, ಮರುದಿನಕ್ಕೆ ಅರ್ಧ ಮರೆತಿರುತ್ತದೆ. ಕಿವಿಯಲ್ಲಿ ಗುಂಯ್ ಎನ್ನುವುದು ಎರಡು ದಿನ ಕಳೆದರೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಮಾತ್ರ ಮಂಕಾಗಿದ್ದರೆ, ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.